ಅಡಿಕೆ ನೆಟ್ಟರೆ ಸೆನ್ಸಸ್‌ನಲ್ಲಿ ನೀವು ‘ಇತರೆ’

ನಮಸ್ಕಾರ. ಮೊದಲಿಗೆ ಒಂದು ಪ್ರಶ್ನೆ. ಚನ್ನಗಿರಿ ಕಡೆ ಎರಡು ಎಕರೆ ಅಡಿಕೆ ತೋಟ ಇಟ್ಟುಕೊಂಡು, ಬೆಳಗಿನಿಂದ ಸಂಜೆವರೆಗೆ ಅದರಲ್ಲೇ ದುಡಿಯುವ ಮನುಷ್ಯ ರೈತನೋ, ಅಲ್ಲವೋ? ನಗಬೇಡಿ. ಪಹಣಿ ನೋಡಿದರೆ ರೈತ. ಪಿಎಂ ಕಿಸಾನ್ ದುಡ್ಡು ಬರುವಾಗ ರೈತ. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಕಟ್ಟುವಾಗಲೂ ರೈತ. ದೇಶದ ಜನಗಣತಿಯಲ್ಲಿ ಮಾತ್ರ ಆತ ರೈತ ಅಲ್ಲ. ಅಲ್ಲಿ ಆತ ‘ಇತರೆ ಕೆಲಸಗಾರ’.

ಸುಮ್ನೆ ಹೇಳುತ್ತಿಲ್ಲ. 2001 ಮತ್ತು 2011ರ ಜನಗಣತಿಯಲ್ಲಿ ವ್ಯವಸಾಯ ಅಂದರೆ ಏನು ಅಂತ ಬರೆದಿಟ್ಟಿದ್ದಾರೆ, ತೆಗೆದು ಓದಿ. ಭತ್ತ ಇದೆ, ಜೋಳ ಇದೆ, ರಾಗಿ, ಸಜ್ಜೆ, ಕಬ್ಬು, ಶೇಂಗಾ, ಹತ್ತಿ, ಬೇಳೆಕಾಳು ಎಲ್ಲ ಇವೆ. ತರಕಾರಿ, ಹಣ್ಣಿನ ತೋಟವೂ ಇದೆ. ಕೊನೆಗೆ ಒಂದು ಸಾಲು ಬರುತ್ತದೆ: ಟೀ, ಕಾಫಿ, ರಬ್ಬರ್, ತೆಂಗು, ಅಡಿಕೆ ಇದರಲ್ಲಿ ಸೇರುವುದಿಲ್ಲ. ಅಂದರೆ ಮಾವು ಬೆಳೆದವರು ಒಳಗೆ, ತೆಂಗು ಬೆಳೆದವರು ಹೊರಗೆ. ಹೊಸದುರ್ಗದವರಿಗೆ ಈ ಮಾತು ಹೇಳಿ ನೋಡಿ, ಏನಂತಾರೆ ಅಂತ!

ಈ ಹೊರಗೆ ಹೋದವರು ಎಲ್ಲಿ ಸೇರುತ್ತಾರೆ? ಜನಗಣತಿಯಲ್ಲಿ ದುಡಿಯುವವರಿಗೆಲ್ಲ ಇರುವುದು ನಾಲ್ಕೇ ಗುಂಪು. ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಇತರೆ. ಈ ‘ಇತರೆ’ಯಲ್ಲಿ ಸರ್ಕಾರಿ ನೌಕರರು, ಮೇಷ್ಟ್ರುಗಳು, ಕಾರ್ಖಾನೆ ಕಾರ್ಮಿಕರು, ಅಂಗಡಿಯವರು, ಡ್ರೈವರ್‌ಗಳು, ಗಣಿ ಕೆಲಸದವರು, ಪೂಜಾರಿಗಳು, ಕಲಾವಿದರು ಎಲ್ಲರೂ ಇದ್ದಾರೆ. ರಾಜಕೀಯ ಮಾಡುವವರೂ ಇಲ್ಲೇ. 2011ರಲ್ಲಿ ದೇಶದಲ್ಲಿ ದುಡಿಯುವವರು ಸುಮಾರು 48 ಕೋಟಿ. ಅದರಲ್ಲಿ 20 ಕೋಟಿ ಜನ ಈ ಒಂದೇ ಗುಂಪಿನಲ್ಲಿ. ಇಷ್ಟು ಜನರನ್ನು ‘ಇತರೆ’ ಅಂದ ಮೇಲೆ ಅದು ವಿಂಗಡಣೆ ಅನ್ನಿಸಿಕೊಳ್ಳುತ್ತದೆಯೇ?

ಹಿಂದೆ ಹೀಗಿರಲಿಲ್ಲ. 1961ರಿಂದ 1991ರವರೆಗೆ ಒಂಬತ್ತು ಗುಂಪುಗಳಿದ್ದವು. ತೋಟದ ಬೆಳೆ, ಪಶುಪಾಲನೆ, ಅರಣ್ಯ, ಮೀನುಗಾರಿಕೆ, ಇವಕ್ಕೆಲ್ಲ ಸೇರಿ ಒಂದು ಗುಂಪು. ಅದೂ ಅಷ್ಟೇನೂ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಅಡಿಕೆಯವರು, ಚಳ್ಳಕೆರೆ ಹಿರಿಯೂರು ಕಡೆ ಕುರಿ ಮೇಯಿಸುವವರು, ಅಲ್ಲಿ ಸ್ವಲ್ಪವಾದರೂ ಕಾಣಿಸುತ್ತಿದ್ದರು. 2001ರಲ್ಲಿ ಒಂಬತ್ತನ್ನು ನಾಲ್ಕಕ್ಕೆ ಇಳಿಸಿದರು. ಅಲ್ಲಿಗೆ ಕುರಿಗಾಹಿ ಮತ್ತು ಬ್ಯಾಂಕ್ ಮ್ಯಾನೇಜರ್ ಇಬ್ಬರೂ ಒಂದೇ ಸಾಲಿಗೆ ಬಂದರು.

ತೋಟದ ಬೆಳೆಯನ್ನು ಯಾಕೆ ಬೇರೆ ಮಾಡಿದರು? ನನಗನ್ನಿಸುವುದು ಇಷ್ಟು. ಈ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಅಸ್ಸಾಂನ ಟೀ ಎಸ್ಟೇಟ್, ಕೊಡಗಿನ ದೊಡ್ಡ ಕಾಫಿ ತೋಟ. ಅಲ್ಲಿ ಮಾಲೀಕ ಬೇರೆ, ಮ್ಯಾನೇಜರ್ ಬೇರೆ, ಲೈನ್ ಮನೆಯಲ್ಲಿ ಕಾರ್ಮಿಕರು ಬೇರೆ. ಅಂಥ ತೋಟ ಒಂದು ರೀತಿಯಲ್ಲಿ ಕಾರ್ಖಾನೆಯೇ. ಅದಕ್ಕೆ 1951ರಲ್ಲೇ ಪ್ರತ್ಯೇಕ ಕಾರ್ಮಿಕ ಕಾನೂನೂ ಬಂದಿತ್ತು. ಆದರೆ ನಮ್ಮ ಕಡೆಯ ಅಡಿಕೆ ತೋಟ ಎಂಥದ್ದು? ಒಂದೆಕರೆ, ಎರಡೆಕರೆ. ಗೊಬ್ಬರ ಹಾಕುವವರು, ನೀರು ಬಿಡುವವರು, ಬೋರ್‌ವೆಲ್ ಸಾಲ ತೀರಿಸುವವರು, ಎಲ್ಲ ಒಬ್ಬರೇ. ಎಸ್ಟೇಟ್‌ಗೆ ಹೊಲಿದ ಅಂಗಿಯನ್ನು ಇವರಿಗೆ ತೊಡಿಸಿದ್ದಾರೆ.

ಇದರಿಂದ ಏನು ನಷ್ಟ, ಗಣತಿಯಲ್ಲಿ ಏನಂತ ಬರೆದರೆ ನಮಗೇನು ಅಂತ ನೀವು ಕೇಳಬಹುದು. ನಷ್ಟ ಇದೆ. 2001ರಲ್ಲಿ ದೇಶದಲ್ಲಿ ಸಾಗುವಳಿದಾರರು 12.73 ಕೋಟಿ. 2011ರಲ್ಲಿ 11.88 ಕೋಟಿ. ಕೃಷಿ ಕೂಲಿಗಳು 10.68 ಕೋಟಿಯಿಂದ 14.43 ಕೋಟಿಗೆ ಏರಿದರು. ಈ ಅಂಕಿ ಬಂದ ದಿನದಿಂದ ಭಾಷಣಗಳಲ್ಲಿ, ಲೇಖನಗಳಲ್ಲಿ ಒಂದೇ ಮಾತು: ಜನ ಕೃಷಿ ಬಿಟ್ಟು ಹೋಗುತ್ತಿದ್ದಾರೆ. ಬಿಟ್ಟವರು ಖಂಡಿತ ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ಭದ್ರಾ ನಾಲೆ ಪಕ್ಕದ ಊರುಗಳಿಗೆ ಬನ್ನಿ. ನಿನ್ನೆ ಭತ್ತ ಇದ್ದ ಗದ್ದೆಯಲ್ಲಿ ಇವತ್ತು ಅಡಿಕೆ ಸಸಿ ನಿಂತಿದೆ. ಹೊಳಲ್ಕೆರೆ ಕಡೆ, ಭೀಮಸಮುದ್ರದ ಸುತ್ತ, ಬೋರ್‌ವೆಲ್ ನಂಬಿ ತೋಟ ಮಾಡಿದವರು ಎಷ್ಟು ಜನ! ಅವರು ಭೂಮಿ ಬಿಟ್ಟಿಲ್ಲ. ಇನ್ನೂ ಜಾಸ್ತಿ ಸಾಲ ಮಾಡಿ ಭೂಮಿಗೇ ಹಾಕಿದ್ದಾರೆ. ಗಣತಿಯ ಲೆಕ್ಕದಲ್ಲಿ ಮಾತ್ರ ಅವರು ಕೃಷಿ ಬಿಟ್ಟವರು. ದಾವಣಗೆರೆ ಜಿಲ್ಲೆಯ ಸಾಗುವಳಿದಾರರ ಅಂಕಿ ಮುಂದಿನ ಸಲ ಇಳಿದರೆ, ಅದರಲ್ಲಿ ಬೆಂಗಳೂರಿಗೆ ಹೋದವರೆಷ್ಟು, ಅಡಿಕೆ ನೆಟ್ಟವರೆಷ್ಟು ಅಂತ ಆ ಅಂಕಿ ನೋಡಿ ಹೇಳಲು ಆಗುವುದಿಲ್ಲ. ಕೃಷಿಯ ನೀತಿ ಮಾಡುವವರ ಮೇಜಿನ ಮೇಲೆ ಹೋಗುವುದು ಅದೇ ಅಂಕಿ.

ಕೂಲಿಯವರದ್ದು ಇನ್ನೂ ವಿಚಿತ್ರ. ಒಬ್ಬ ಹೆಂಗಸು ಮಳೆಗಾಲದಲ್ಲಿ ನಾಟಿಗೆ ಹೋಗುತ್ತಾಳೆ. ಆಗ ಆಕೆ ಕೃಷಿ ಕೂಲಿ. ಅಡಿಕೆ ಕೊಯ್ಲು ಶುರುವಾದ ಮೇಲೆ ಖೇಣಿ ಮನೆಯಲ್ಲಿ, ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದವರ ಮನೆಯಲ್ಲಿ, ಕೂತು ಅಡಿಕೆ ಸುಲಿಯುತ್ತಾಳೆ. ಅದು ‘ಇತರೆ’. ನಡುವೆ ಯಾರದೋ ತೋಟದಲ್ಲಿ ಕಳೆ ತೆಗೆದರೆ ಅದೂ ‘ಇತರೆ’. ವರ್ಷದಲ್ಲಿ ಆರು ತಿಂಗಳು ಅಥವಾ ಜಾಸ್ತಿ ಕೆಲಸ ಸಿಕ್ಕಿದ್ದರೆ ಮುಖ್ಯ ಕೆಲಸಗಾರರು, ಇಲ್ಲದಿದ್ದರೆ ಅಲ್ಪಾವಧಿ ಕೆಲಸಗಾರರು. ಚಿತ್ರದುರ್ಗದಂಥ ಮಳೆ ಕಮ್ಮಿ ಜಿಲ್ಲೆಯಲ್ಲಿ, ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲದ ಕೂಲಿಗೆ ಆರು ತಿಂಗಳು ಕೆಲಸ ಎಲ್ಲಿಂದ ಬರಬೇಕು? ಗಣತಿ ಹಿಡಿಯುವುದು ಹಿಂದಿನ ಒಂದು ವರ್ಷವನ್ನು. ಆ ವರ್ಷ ಬರ ಬಿದ್ದಿದ್ದರೆ ಹತ್ತು ವರ್ಷ ಅದೇ ಚಿತ್ರ ಉಳಿಯುತ್ತದೆ.

ಪ್ರಶ್ನೆ ಕೇಳುವ ರೀತಿ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿಯೇ ಇದೆ. 1961ರಲ್ಲಿ ದೇಶದಲ್ಲಿ ದುಡಿಯುವ ಹೆಂಗಸರು ಸುಮಾರು 5.9 ಕೋಟಿ. 1971ರಲ್ಲಿ ಸುಮಾರು 3.1 ಕೋಟಿ. ಹತ್ತು ವರ್ಷದಲ್ಲಿ ಅರ್ಧದಷ್ಟು ಹೆಂಗಸರು ಕೆಲಸ ಬಿಟ್ಟು ಕೂತರೇ? ಇಲ್ಲ. 1971ರಲ್ಲಿ ‘ನಿಮ್ಮ ಮುಖ್ಯ ಚಟುವಟಿಕೆ ಏನು’ ಅಂತ ಕೇಳಿದರು. ಅಡುಗೆ ಮಾಡಿ, ಹೊಲಕ್ಕೂ ಹೋಗುವ ಹೆಂಗಸು ಮನೆಕೆಲಸ ಅಂದಳು. ಅಥವಾ ಆಕೆಯ ಪರವಾಗಿ ಗಂಡ ಅಂದ. ಮುಗೀತು. ಕಡೆಗೆ 1991ರಲ್ಲಿ ಪ್ರಶ್ನೆಯೊಳಗೇ ‘ಹೊಲದಲ್ಲಿ, ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿ’ ಅಂತ ಬರೆಯಬೇಕಾಯಿತು.

ಇನ್ನೊಂದು ತಮಾಷೆ. ಕೊಡೆ ಹಿಡಿದು ಬದುವಿನ ಮೇಲೆ ನಿಂತು ‘ಹಂಗೆ ಮಾಡ್ರೋ, ಹಿಂಗೆ ಮಾಡ್ರೋ’ ಅನ್ನುವ ಯಜಮಾನರು ಸಾಗುವಳಿದಾರರೇ. ಉಸ್ತುವಾರಿಯೂ ಸಾಗುವಳಿ ಅಂತ ನಿಯಮದಲ್ಲೇ ಇದೆ. ಅದೇ ಹೊಲದಲ್ಲಿ ಬಗ್ಗಿ ಕಳೆ ಕೀಳುವ ಸೊಸೆ ‘ಮನೆವಾರ್ತೆ’ ಅಂತ ಬರೆಸಿಕೊಂಡರೆ ಕೆಲಸ ಮಾಡದವರ ಪಟ್ಟಿಗೆ ಹೋಗುತ್ತಾಳೆ. ಆ ಪಟ್ಟಿಯಲ್ಲಿ ಆಕೆಯ ಜೊತೆ ಯಾರಿದ್ದಾರೆ ಗೊತ್ತಾ? ವಿದ್ಯಾರ್ಥಿಗಳು, ಪಿಂಚಣಿದಾರರು, ಭಿಕ್ಷುಕರು.

ಪೇಟೆಯ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಳ್ಳಿಯಲ್ಲಾದರೆ ಊರೊಳಗೆ ಎಲ್ಲೇ ಇದ್ದರೂ ಮನೆಮಂದಿ ನಡೆಸುವುದು ಮನೆ ಕೈಗಾರಿಕೆ. ಪಟ್ಟಣದಲ್ಲಾದರೆ ಅದು ಮನೆಯ ಆವರಣದೊಳಗೇ ಇರಬೇಕು. ದಾವಣಗೆರೆಯಲ್ಲಿ ಗಂಡ, ಹೆಂಡತಿ, ಮಗ ಸೇರಿ ನಡೆಸುವ ಮಂಡಕ್ಕಿ ಭಟ್ಟಿ ಮನೆಯ ಹಿತ್ತಲಲ್ಲಿದ್ದರೆ ಮನೆ ಕೈಗಾರಿಕೆ, ರಸ್ತೆ ದಾಟಿ ಆಚೆ ಇದ್ದರೆ ‘ಇತರೆ’. ಹೊಗೆ ಕುಡಿಯುವುದು ಎರಡೂ ಕಡೆ ಅದೇ ಮೂವರು.

ಗಣತಿದಾರರನ್ನು ಬೈಯಬೇಡಿ. ಹೆಚ್ಚಿನವರು ನಮ್ಮ ಶಾಲೆಯ ಮೇಷ್ಟ್ರು, ಟೀಚರ್‌ಗಳೇ. ಒಂದೊಂದು ಮನೆಗೆ ಸಿಗುವ ಸಮಯವೇ ಸ್ವಲ್ಪ. ಇನ್ನೊಂದು ಮಾತನ್ನೂ ಹೇಳಬೇಕು. ಸಾಗುವಳಿ ಮತ್ತು ಕೃಷಿ ಕೂಲಿ ಬಿಟ್ಟು ಉಳಿದವರ ಕಸುಬಿನ ವಿವರವನ್ನು ಪದಗಳಲ್ಲೂ ಬರೆದುಕೊಳ್ಳುತ್ತಾರೆ. ಆಮೇಲೆ ಅದಕ್ಕೆ ಕೋಡ್ ಕೊಡುತ್ತಾರೆ. ರಾಷ್ಟ್ರೀಯ ಕಸುಬು ವರ್ಗೀಕರಣದ 2015ರ ಆವೃತ್ತಿಯಲ್ಲಿ ಸುಮಾರು 3600 ಕಸುಬುಗಳಿವೆ. ಹಾಗಾಗಿ ಅಡಿಕೆ ಬೆಳೆಗಾರ ಪೂರ್ತಿ ಕಳೆದುಹೋಗುವುದಿಲ್ಲ, ಹುಡುಕಿದರೆ ಒಳಗಿನ ಕೋಷ್ಟಕಗಳಲ್ಲಿ ಸಿಗುತ್ತಾನೆ. ಆದರೆ ಯಾರು ಹುಡುಕುತ್ತಾರೆ? ಪತ್ರಿಕೆಗೆ ಬರುವುದು, ಜಿಲ್ಲಾ ಕೈಪಿಡಿಯಲ್ಲಿ ಕಾಣುವುದು, ಮಕ್ಕಳ ಪಠ್ಯಕ್ಕೆ ಹೋಗುವುದು ಆ ನಾಲ್ಕು ಗುಂಪಿನ ಅಂಕಿಯೇ.

ನನ್ನ ಒತ್ತಾಯ ಚಿಕ್ಕದು. ತೆಂಗು, ಅಡಿಕೆಯನ್ನು ಆ ಹೊರಗಿನ ಪಟ್ಟಿಯಿಂದ ತೆಗೆಯಿರಿ. ಹಳೆಯ ಅಂಕಿಗಳ ಜೊತೆ ಹೋಲಿಕೆ ತಪ್ಪುತ್ತದೆ ಅಂತ ತಜ್ಞರು ಹೇಳುತ್ತಾರೆ, ಸರಿ. ಹಾಗಾದರೆ ಐದನೇ ಗುಂಪು ಮಾಡಿ: ತೋಟ ಮತ್ತು ಪಶುಪಾಲನೆ. ಹೋಲಿಕೆ ಬೇಕಾದಾಗ ಕೂಡಿಸಿಕೊಳ್ಳಲಿ. ಕೂಡಿಸುವುದು ಸುಲಭ. ಒಮ್ಮೆ ಕಲಸಿದ್ದನ್ನು ಬೇರೆ ಮಾಡುವುದೇ ಕಷ್ಟ.

ಈ ಸಲದ ಜನಗಣತಿಗೆ ಲೆಕ್ಕದ ದಿನ 2027ರ ಮಾರ್ಚ್ 1. ಮನೆಪಟ್ಟಿ ಮಾಡುವ ಹಂತದಲ್ಲಿ ಕಸುಬಿನ ಪ್ರಶ್ನೆ ಬರುವುದಿಲ್ಲ, ಅದು ಜನರನ್ನು ಎಣಿಸುವ ಎರಡನೇ ಹಂತದ್ದು. ಈ ಸಲ ಎಲ್ಲ ಮೊಬೈಲ್‌ನಲ್ಲಿ. ಕೇಳಿದಾಗ ‘ಕೂಲಿ’, ‘ಬಿಸಿನೆಸ್’ ಅಂತ ಒಂದೇ ಪದ ಹೇಳಿ ಕಳಿಸಬೇಡಿ. ‘ಸ್ವಂತ ಎರಡೆಕರೆ ಅಡಿಕೆ ತೋಟ, ನಾವೇ ಮಾಡುತ್ತೇವೆ’ ಅನ್ನಿ. ‘ಬೇರೆಯವರ ಗದ್ದೆಯಲ್ಲಿ ಇಷ್ಟು ತಿಂಗಳು, ಖೇಣಿ ಮನೆಯಲ್ಲಿ ಇಷ್ಟು ತಿಂಗಳು’ ಅನ್ನಿ. ಮನೆಯಲ್ಲಿ ಎಮ್ಮೆ ಕಟ್ಟಿ ಹಾಲು ಕರೆಯುವವರಿದ್ದರೆ ಅದನ್ನೂ ಹೇಳಿ. ಆ ಹಾಲು ಮನೆಗೇ ಆದರೂ ಅದು ಕೆಲಸ ಅಂತ 2011ರ ನಿಯಮ ಒಪ್ಪಿದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೆಂಗಸರ ಪ್ರಶ್ನೆ ಬಂದಾಗ ಅವರನ್ನೇ ಜಗಲಿಗೆ ಕರೆಯಿರಿ, ನೀವು ಉತ್ತರ ಕೊಡಬೇಡಿ.

ನಿಮ್ಮೂರಿನಲ್ಲಿ ಈ ನಾಲ್ಕು ಗುಂಪಿಗೆ ಒಗ್ಗದ ಕಸುಬು ಯಾವುದಿದೆ? ಕೆಳಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಓದುತ್ತೇನೆ.