ದಂತವೈದ್ಯರ ಮಾತು ಎಲ್ಲಿಗೆ ತಲುಪಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ವೃತ್ತಿ ಸಂಘಟನೆಯ ಕುರಿತ ಇಂದಿನ ನನ್ನ ಮಾತು ಮುಖ್ಯವಾಗಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ವೃತ್ತಿಯಲ್ಲಿರುವ ದಂತವೈದ್ಯ ಮಿತ್ರರಿಗೆ. ಆದರೆ ಹಲ್ಲುನೋವೆಂದು ನಮ್ಮ ಬಾಗಿಲಿಗೆ ಬರುವವರಿಗೂ ಇದು ಸಂಬಂಧಪಟ್ಟ ವಿಷಯವೇ ಆದ್ದರಿಂದ ಅವರೂ ಕೇಳಬೇಕೆಂದು ಕೋರುತ್ತೇನೆ.

ಕೆಲವು ವರ್ಷಗಳ ಹಿಂದೆ ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ತಂದೆಯೊಬ್ಬರು ಮಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಪಿಯುಸಿ ಓದುತ್ತಿದ್ದ ಹುಡುಗಿ. ಮಾತನಾಡುವಾಗಲೆಲ್ಲ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಕೈ ತೆಗೆಸಿ ನೋಡಿದರೆ ಮೇಲಿನ ಮುಂದಿನ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಮಚ್ಚೆಗಳು, ಅವುಗಳ ನಡುವೆ ಡಿಕಾಕ್ಷನ್ ಬಣ್ಣದ ಅಡ್ಡಗೆರೆಗಳು. "ಸರಿಯಾಗಿ ಹಲ್ಲುಜ್ಜಲ್ಲ ಸಾರ್, ಕ್ಲೀನ್ ಮಾಡಿಬಿಡಿ" ಎಂದರು ತಂದೆ. ಉಜ್ಜಿದರೆ ಹೋಗುವ ಕಲೆ ಅದಾಗಿರಲಿಲ್ಲ. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದುದರ ಗುರುತು ಅದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಫ್ಲೋರೈಡ್ ಮಿತಿ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಈ ಮಿತಿ ಮೀರಿದ ನೀರು ಹೊಸ ಸಂಗತಿಯಲ್ಲ. ನಾನು ಆಕೆಯ ಹಲ್ಲುಗಳಿಗೆ ಹಲ್ಲಿನ ಬಣ್ಣದ್ದೇ ಆದ ಕಾಂಪೊಸಿಟ್ ಎಂಬ ವಸ್ತುವನ್ನು ಲೇಪಿಸಿ ಕಲೆ ಮುಚ್ಚಿದೆ. ಹೊರಡುವಾಗ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಆದರೆ ಮನೆಯಲ್ಲಿದ್ದ ಎರಡು ವರ್ಷದ ತಮ್ಮ ಅದೇ ನೀರು ಕುಡಿಯುತ್ತಿದ್ದ. ಅವನಿಗಾಗಿ ನನ್ನ ಕುರ್ಚಿಯ ಪಕ್ಕದಲ್ಲಿ ನಿಂತು ಮಾಡಬಹುದಾದದ್ದು ಏನೂ ಇರಲಿಲ್ಲ.

ನಮ್ಮ ವೃತ್ತಿಯ ಸಂಘಟನೆಗೆ ನಾವು ಸಮಯ ಕೊಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಸಂಘಟನೆ ನಮ್ಮ ವೃತ್ತಿಗೆ ಹೊರಗಿನಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಜೊತೆಗಿದೆ. 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದ ಡಾ. ರಫೀಉದ್ದೀನ್ ಅಹ್ಮದ್ ಅವರು ಪಾಠ ಹೇಳುವುದಕ್ಕೇ ನಿಲ್ಲಲಿಲ್ಲ. ಪತ್ರಿಕೆ ಹೊರಡಿಸಿದರು, ಸಂಘ ಕಟ್ಟಿದರು, ಕಾನೂನಿಗಾಗಿ ದುಡಿದರು. 1939ರಲ್ಲಿ ಬಂಗಾಳದಲ್ಲಿ ದಂತವೈದ್ಯರ ಕಾಯ್ದೆ ಬಂತು, 1948ರಲ್ಲಿ ಇಡೀ ದೇಶಕ್ಕೆ ಕಾಯ್ದೆಯಾಯಿತು. ನಮ್ಮ ಗೋಡೆಗಳ ಮೇಲಿರುವ ನೋಂದಣಿ ಪ್ರಮಾಣಪತ್ರದ ಬೇರು ಅಲ್ಲಿದೆ.

ಆ 1948ರ ಕಾಯ್ದೆಯ ಬದಲಿಗೆಂದು 2023ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ ಎಂದು ಕೇಳಿಕೊಳ್ಳಬೇಕಾಗಿದೆ. ಶಿಕ್ಷಣಕ್ಕೊಂದು, ಕಾಲೇಜುಗಳ ಪರಿಶೀಲನೆ ಮತ್ತು ಶ್ರೇಯಾಂಕಕ್ಕೊಂದು, ನೀತಿ ಮತ್ತು ನೋಂದಣಿಗೊಂದು ಎಂದು ಮೂರು ಮಂಡಳಿಗಳನ್ನು ಅದು ಹೇಳುತ್ತದೆ; ದಂತವೈದ್ಯ ಪದವಿಯಾದ ಬಿಡಿಎಸ್ ಮುಗಿಸಿದವರು ವೃತ್ತಿಗೆ ಇಳಿಯಲು ರಾಷ್ಟ್ರೀಯ ನಿರ್ಗಮನ ಪರೀಕ್ಷೆಯನ್ನು ಹೇಳುತ್ತದೆ. ಇವುಗಳಲ್ಲಿ ಒಳ್ಳೆಯದು ಬಹಳವಿದೆ ಎಂದೇ ನಾನು ನಂಬಿದ್ದೇನೆ. ಆದರೆ ಒಂದು ಬದಲಾವಣೆಯನ್ನು ಗಮನಿಸಬೇಕು. ಹಳೆಯ ದಂತ ಪರಿಷತ್ತಿನ ವ್ಯವಸ್ಥೆಯಲ್ಲಿ ಪ್ರತಿ ರಾಜ್ಯದ ನೋಂದಾಯಿತ ದಂತವೈದ್ಯರು ತಮ್ಮ ಪ್ರತಿನಿಧಿಯನ್ನು ತಾವೇ ಚುನಾಯಿಸುವ ಅವಕಾಶವಿತ್ತು. ಹೊಸ ಆಯೋಗಕ್ಕೆ ಸದಸ್ಯರು ಬಹುಮಟ್ಟಿಗೆ ನೇಮಕದ ಮೂಲಕವೇ ಬರುತ್ತಾರೆ. ಚುನಾವಣೆಯ ದಾರಿ ಕಿರಿದಾದಾಗ ಕರಡು ನಿಯಮಗಳು ಪ್ರಕಟವಾದ ಕೂಡಲೇ ಓದಿ ಆಕ್ಷೇಪಣೆ, ಸಲಹೆ ಬರೆದು ಕಳುಹಿಸುವ ಕೆಲಸ ಎರಡು ಪಟ್ಟು ಮುಖ್ಯವಾಗುತ್ತದೆ. ಚುನಾವಣೆ ಇದ್ದ ಕಾಲದಲ್ಲಿ ನಾನೇ ಒಂದು ಸಲ ಮತ ಹಾಕದೆ ಸುಮ್ಮನಿದ್ದೆ. ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಟ್ಟಾಗಿ ಆಡಿದ ಮಾತಿಗೆ ಬೆಲೆಯಿದೆಯೇ ಎಂದು ಸಂಶಯಪಡುವವರು 2017ರ ನವೆಂಬರ್ ತಿಂಗಳನ್ನು ನೆನಪಿಸಿಕೊಳ್ಳಬಹುದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯ ವಿರುದ್ಧ ರಾಜ್ಯದ ವೈದ್ಯರು ಬೆಳಗಾವಿ ಅಧಿವೇಶನದ ಹೊತ್ತಿಗೆ ಒಂದಾಗಿ ನಿಂತರು, ಮಸೂದೆಯ ಕಟುವಾದ ಕೆಲವು ಅಂಶಗಳು ಸಡಿಲವಾದವು. ರೋಗಿಗಳಿಗೆ ತೊಂದರೆಯಾದ ಆ ಮುಷ್ಕರವನ್ನು ನಾನು ಮಾದರಿಯೆಂದು ಹೇಳುತ್ತಿಲ್ಲ; ಮಸೂದೆ ಬರೆಯುವ ಹಂತದಲ್ಲೇ ನಮ್ಮವರು ಜೊತೆಗೆ ಕುಳಿತಿದ್ದರೆ ಮುಷ್ಕರದ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಬ್ಬರೇ ಹೇಳಲು ಕಷ್ಟವಾದದ್ದನ್ನು ಸಂಘ ಹೇಳಬಲ್ಲದು. ಅಡಿಕೆಯ ವಿಷಯವನ್ನೇ ನೋಡಿ. ಅಡಿಕೆ ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ವರ್ಗೀಕರಿಸಿದೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ನಾರುಗಟ್ಟಿ, ಮೂರು ಬೆರಳು ಹಿಡಿಸಬೇಕಾದ ಬಾಯಿಯಲ್ಲಿ ಒಂದೇ ಬೆರಳು ಹೋಗುವಂಥ ಯುವಕರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅಡಿಕೆ ತೋಟವೇ ಅನ್ನ ಕೊಡುವ ಊರಿನಲ್ಲಿ, ತೋಟದವರೇ ನಮ್ಮ ರೋಗಿಗಳೂ ನೆರೆಯವರೂ ಆಗಿರುವಾಗ, ಒಬ್ಬ ವೈದ್ಯ ಬಹಿರಂಗವಾಗಿ ಈ ಮಾತನ್ನಾಡಲು ಹಿಂಜರಿಯುವುದು ಸಹಜ. ಜಿಲ್ಲೆಯ ದಂತವೈದ್ಯರೆಲ್ಲ ಸೇರಿ, ಬೆಳೆಗಾರರ ಬದುಕನ್ನೂ ಗೌರವಿಸುತ್ತ, ಶಾಲೆ ಕಾಲೇಜುಗಳಲ್ಲಿ ಹೇಳಿದರೆ ಅದೇ ಮಾತಿನ ತೂಕ ಬೇರೆ.

ಸಂಘದ ಸಭೆಗಳ ಬಗೆಗೂ ಒಂದು ಮಾತು ಹೇಳಲೇಬೇಕು. ರಾತ್ರಿ ಎಂಟಕ್ಕೆ ಹೋಟೆಲಿನಲ್ಲಿ ಸೇರಿ, ಇಂಪ್ಲಾಂಟ್ (ದವಡೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ಕಂಪನಿಯವರ ಪ್ರಾತ್ಯಕ್ಷಿಕೆ ನೋಡಿ, ಊಟ ಮುಗಿಸಿ ಎದ್ದುಬಿಟ್ಟರೆ ಅದು ಪ್ರಾತಿನಿಧ್ಯವಾಗುವುದಿಲ್ಲ. ಮಗುವನ್ನು ಮನೆಯಲ್ಲಿ ಬಿಟ್ಟು ಬರಲಾಗದ ಮಹಿಳಾ ದಂತವೈದ್ಯರು, ಇನ್ನೊಬ್ಬರ ಚಿಕಿತ್ಸಾಲಯದಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಹೊಸ ಪದವೀಧರರು ಆ ಹೊತ್ತಿಗೆ ಬರುವುದಾದರೂ ಹೇಗೆ? ಭಾನುವಾರ ಬೆಳಿಗ್ಗೆ ಸಭೆ ಇಟ್ಟು, ಮೊದಲ ಮಾತನ್ನು ಕಿರಿಯರಿಗೆ ಕೊಟ್ಟು ನೋಡೋಣ ಎಂದು ಹಿರಿಯರಲ್ಲಿ ವಿನಂತಿಸುತ್ತೇನೆ.

ಆ ಹುಡುಗಿ ಬಂದುಹೋದ ಮೇಲೆ ನಾನೊಂದು ನೋಟ್ ಬುಕ್ ಇಟ್ಟೆ. ಹಲ್ಲಿನಲ್ಲಿ ಫ್ಲೋರೈಡ್ ಕಲೆಯಿರುವ ಪ್ರತಿ ಮಗುವಿನ ವಯಸ್ಸು, ಊರು, ನೀರು ಬರುವುದು ಕೊಳವೆಬಾವಿಯಿಂದಲೋ ನದಿ ಯೋಜನೆಯಿಂದಲೋ ಎಂಬುದನ್ನು ಬರೆಯುತ್ತ ಬಂದೆ. ಮಗುವಿನ ಹೆಸರು ಬರೆಯಲಿಲ್ಲ. ನಾಲ್ವರು ಸಹೋದ್ಯೋಗಿಗಳು ಜೊತೆಗೂಡಿದರು. ಅದರ ಪ್ರತಿಯನ್ನು ಹಿಡಿದು ನಾವು ಐವರೂ ಸಂಬಂಧಪಟ್ಟ ಕಚೇರಿಗೆ ಹೋದಾಗ ಅಧಿಕಾರಿಗಳು ನಮ್ಮನ್ನು ಕೂರಿಸಿ ಊರುಗಳ ಪಟ್ಟಿಯನ್ನು ಒಂದೊಂದಾಗಿ ಓದಿದರು. ಪಟ್ಟಿಯಲ್ಲಿ ಕಡೂರು ಕಡೆಯ ಊರುಗಳು ಬಹಳ ಕಡಿಮೆ ಇವೆ. ಆ ಭಾಗದ ಮಿತ್ರರು ತಮ್ಮ ಕುರ್ಚಿಯಲ್ಲಿ ಕಂಡದ್ದನ್ನು ಬರೆದು ಇದಕ್ಕೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.