ಮನೆಯ ಒಲೆಯಿಂದ ಹೊರಗಿನ ಶೆಡ್ಡಿಗೆ

ಪ್ರಿಯ ಕೇಳುಗರೇ, ನಮಸ್ಕಾರ.

ರಾಯಚೂರು, ಸಿಂಧನೂರು, ಕೊಪ್ಪಳದ ಓಣಿಗಳಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು, ಶೇಂಗಾ ಹಾಗೂ ಗುರೆಳ್ಳು ಚಟ್ನಿಪುಡಿಯೊಂದಿಗೆ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಒದಗಿಸುವ ಹೆಣ್ಣುಮಕ್ಕಳು ಇದ್ದಾರೆ. ಬೇಡಿಕೆ ಹೆಚ್ಚಿ ಮನೆ ಸಾಲದಾದಾಗ, ಹೊರಗೆ ಶೆಡ್ ಹಿಡಿಯುವ ಯೋಚನೆ ಸಹಜವಾಗಿ ಬರುತ್ತದೆ.

ಆ ಹೆಜ್ಜೆಗೆ ಮೊದಲು ಲೆಕ್ಕದ ಪುಸ್ತಕವನ್ನು ಸರಿಮಾಡಿಕೊಳ್ಳಬೇಕು. ಮನೆಯಲ್ಲಿ ಜಾಗಕ್ಕೆ ಬಾಡಿಗೆಯಿಲ್ಲ, ಅತ್ತೆ ಸೊಸೆಯರ ದುಡಿಮೆಗೆ ಕೂಲಿಯಿಲ್ಲ. ಆದ್ದರಿಂದ ಲಾಭವೆಂದು ಕಾಣುವ ಹಣದಲ್ಲಿ ಒಂದು ಪಾಲು ನಿಜವಾಗಿ ಆ ಬಾಡಿಗೆ, ಆ ಕೂಲಿ. ಶೆಡ್ಡಿಗೆ ಹೋದರೆ ಇವೆಲ್ಲ ತಿಂಗಳು ತಿಂಗಳು ಕೈಯಿಂದ ಕೊಡುವ ಹಣವಾಗುತ್ತವೆ. ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂನ ಕೈಗಾರಿಕಾ ಸಂಪರ್ಕಕ್ಕೆ, ಯಂತ್ರ ಓಡಲಿ ಬಿಡಲಿ, ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಬರುತ್ತದೆ. ಮನೆಯಲ್ಲಿರುವಾಗಲೇ ಕೆಲವು ತಿಂಗಳು ಈ ಖರ್ಚುಗಳನ್ನು ಬರೆದು ನೋಡಿ, ಒಂದು ರೊಟ್ಟಿಯ ಬೆಲೆ ಅವನ್ನು ತಾಳುತ್ತದೆಯೇ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ತಾಳದಿದ್ದರೆ ಮೊದಲು ದರದ ಬಗ್ಗೆ ಗಿರಾಕಿಗಳೊಡನೆ ಮಾತಾಡಬೇಕು, ಶೆಡ್ಡಿನ ಮಾತು ಆಮೇಲೆ.

ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಕಡಿಮೆಯೆಂದು ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ರೊಟ್ಟಿ ಬಡಿಯುವ ಕೈಗಳು ಅದೇ ಓಣಿಯ ಹೆಣ್ಣುಮಕ್ಕಳವು; ಮಕ್ಕಳನ್ನು ಶಾಲೆಗೆ ಕಳಿಸಿ ಬಂದು, ಅವು ಮರಳುವ ಹೊತ್ತಿಗೆ ಮನೆ ಸೇರಬೇಕಾದ ಅವರು ಆಟೋ ಹತ್ತಿ ದೂರ ಬರಲಾರರು. ಅವರು ನಡೆದು ಬರುವಷ್ಟು ಸಮೀಪದ ಜಾಗಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಜಾಗ ನೋಡುವಾಗ ತಲೆಯೆತ್ತಿ ಮಾಡನ್ನು ನೋಡಬೇಕು. ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ತಗ್ಗಾದ ತಗಡಿನ ಮಾಡಿನ ಕೆಳಗೆ ಸಾಲು ಒಲೆ ಹೊತ್ತಿಸಿದರೆ ಮಧ್ಯಾಹ್ನ ಯಾರೂ ಕುಳಿತುಕೊಳ್ಳಲಾರರು. ಎತ್ತರದ ಮಾಡು, ಎದುರುಬದುರು ಕಿಟಕಿ, ಹೊಗೆ ಹೋಗುವ ದಾರಿ ಇರಲೇಬೇಕು. ಖಡಕ್ ರೊಟ್ಟಿ ತೇವ ಹೀರಿದರೆ ಮೆತ್ತಗಾಗುವುದರಿಂದ, ಮಳೆಗಾಲಕ್ಕೆಂದು ಒಲೆಗೂ ನೀರಿಗೂ ದೂರವಾದ ಒಣ ಕೋಣೆಯೊಂದು ಬೇಕು. ಹಿಂಗಾರಿ ಜೋಳ ಮಾರುಕಟ್ಟೆಗೆ ಬರುವ ಕಾಲದಲ್ಲಿ ಕೊಂಡಿಡಲು ದಾಸ್ತಾನಿಗೂ ಜಾಗ ಬೇಕು. ಇಡುವುದು ಕಾಳನ್ನೇ, ಹಿಟ್ಟನ್ನಲ್ಲ: ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಕುದಿನೀರು ಹಾಕಿ ಎಷ್ಟು ನಾದಿದರೂ ರೊಟ್ಟಿಯ ಅಂಚು ಬಿರಿಯುತ್ತದೆ.

ಬಂಡವಾಳದ ಬಗ್ಗೆ ಒಂದು ಮಾತು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಕೇಂದ್ರದ ಶೇ 35ರ ಜೊತೆಗೆ ನಮ್ಮ ರಾಜ್ಯ ಶೇ 15 ಸೇರಿಸಿ, ಸಾಲಕ್ಕೆ ಹೊಂದಿಕೊಂಡ ಸಹಾಯಧನ ನೀಡಿದೆ. ಈ ಹಣ ನಗದಾಗಿ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಸಾಲದ ಲೆಕ್ಕಕ್ಕೆ ಹೊಂದುತ್ತದೆ. ಆದ್ದರಿಂದ ಮುಂಗಡಕ್ಕೂ ಮೊದಲ ತಿಂಗಳುಗಳ ಕೂಲಿಗೂ ಸ್ವಂತ ಹಣ ಬೇರೆಯೇ ಇರಬೇಕು.

ಆಹಾರ ಸುರಕ್ಷತಾ ನೋಂದಣಿ ತಯಾರಿಕೆಯ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮನೆಯ ವಿಳಾಸದ ನೋಂದಣಿಯನ್ನು ಹಿಡಿದುಕೊಂಡು ಶೆಡ್ಡಿನಲ್ಲಿ ಕೆಲಸ ಆರಂಭಿಸುವಂತಿಲ್ಲ. ಹೊಸ ವಿಳಾಸಕ್ಕೆ ನೋಂದಣಿ ಪತ್ರ ಬಂದ ಮೇಲೆಯೇ ಪೊಟ್ಟಣಗಳನ್ನು ಅಚ್ಚಿಗೆ ಕೊಡುವುದು ಸರಿಯಾದ ಕ್ರಮ.

ನಮಸ್ಕಾರ.