ಕೋಪ ಬಂತು ಅಂತೀವಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ತಂದೆಗೆ ಈಗ 83 ವರ್ಷ. ಬಿಟಿಎಸ್‌ನಲ್ಲಿ ಡ್ರೈವರ್ ಆಗಿದ್ದವರು. 1997ರಲ್ಲಿ ಬಿಎಂಟಿಸಿ ಅಂತ ಹೆಸರು ಬರುವುದಕ್ಕೆ ಮುಂಚೆ ಬೆಂಗಳೂರಿನವರ ಬಾಯಲ್ಲಿ ಸಿಟಿ ಬಸ್ಸು ಅಂದರೆ ಬಿಟಿಎಸ್ಸೇ, ನಿಮಗೂ ನೆನಪಿರಬಹುದು. ನಾಲ್ಕು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಸಂಜೆ ಐದಾದರೆ ಸಾಕು, ಎದ್ದು ಬಾಗಿಲ ಹತ್ತಿರ ಬಂದು ಕೇಳುತ್ತಾರೆ, "ಬಸ್ಸು ಬಂತಾ?" ಇನ್ನೂ ಇಲ್ಲ ಅಪ್ಪಾ ಅಂದರೆ ಹೋಗಿ ಕೂರುತ್ತಾರೆ. ಎರಡು ನಿಮಿಷ ಕಳೆದರೆ ಮತ್ತೆ ಬಾಗಿಲು, ಮತ್ತೆ ಅದೇ ಪ್ರಶ್ನೆ. ಕತ್ತಲಾಗುವ ತನಕ ಇದೇ.

ಹೋದ ವರ್ಷ ಶ್ರಾವಣದ ಒಂದು ಸಂಜೆ. ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಕುಕ್ಕರ್ ಕೂಗುತ್ತಿತ್ತು. ಫೋನಿನಲ್ಲಿ ತಮ್ಮ, ಈ ತಿಂಗಳೂ ಬರೋಕಾಗಲ್ಲ ಅನ್ನುತ್ತಿದ್ದ. ಹಿಂದಿನಿಂದ ಅಪ್ಪ, "ಬಸ್ಸು ಬಂತಾ?" ನಾನು ತಿರುಗಿ ಕಿರುಚಿಬಿಟ್ಟೆ. "ಯಾವ ಬಸ್ಸೂ ಇಲ್ಲ! ಸುಮ್ನೆ ಹೋಗಿ ಕೂತ್ಕೋ!"

ಅಪ್ಪನನ್ನು ನಾನು ಏಕವಚನದಲ್ಲಿ ಮಾತನಾಡಿಸಿದ್ದು ಜೀವಮಾನದಲ್ಲಿ ಅದೇ ಮೊದಲು. ಅವರು ಚಿಲಕದ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದರು. ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಮಗು ಕೈ ಹಿಂದಕ್ಕೆ ಎಳೆದುಕೊಳ್ಳುತ್ತದಲ್ಲ, ಹಾಗೆ. ಹೋಗಿ ಕೂತರು. ಐದು ನಿಮಿಷಕ್ಕೆ ಅದೆಲ್ಲ ಅವರಿಗೆ ಮರೆತುಹೋಗಿತ್ತು. ಎದ್ದು ಬಂದು ಮತ್ತೆ ಬಸ್ಸು ಬಂತಾ ಅಂತ ಕೇಳಿದರು.

ನನಗೆ ಮರೆಯಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಎಂಥ ಮಗಳು ನಾನು, ಅಪ್ಪನಿಗೆ ಹೀಗೆ ಮಾಡುವವಳು ಮನುಷ್ಯಳಾ, ಇನ್ನು ಎಷ್ಟು ವರ್ಷ ಹೀಗೆ, ತಮ್ಮನಿಗೆ ಜವಾಬ್ದಾರಿಯೇ ಇಲ್ಲವಾ... ಒಂದರ ಹಿಂದೆ ಒಂದು. ಸಿಟ್ಟು ಅರ್ಧ ನಿಮಿಷದ್ದು. ಅದರ ಹಿಂದೆ ಬಂದ ಈ ಮೆರವಣಿಗೆ ವಾರಗಟ್ಟಲೆ ನಡೆಯಿತು.

ಮನೆಯಲ್ಲಿ ವಯಸ್ಸಾದವರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವವರು ಇದನ್ನು ಕೇಳುತ್ತಿದ್ದರೆ, ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲೇ ಒಮ್ಮೆ ಗಾಂಧಿನಗರದ ಮಹಾಬೋಧಿ ಸೊಸೈಟಿಗೆ, ಅಂದರೆ ಅಲ್ಲಿನ ಬೌದ್ಧ ವಿಹಾರಕ್ಕೆ, ಹೋದೆ. ಮೆಜೆಸ್ಟಿಕ್ಕಿನ ಗದ್ದಲದಿಂದ ನಡೆದು ಹೋಗುವಷ್ಟು ಹತ್ತಿರ. ಇಂಫಾಲದಲ್ಲಿ ಹುಟ್ಟಿದ ಆಚಾರ್ಯ ಬುದ್ಧರಕ್ಖಿತ ಭಂತೇಜಿ 1956ರಲ್ಲಿ ಅದನ್ನು ಶುರು ಮಾಡಿದರು. ನಮ್ಮ ನಾಡು ಒಂದಾದ ವರ್ಷವೂ ಅದೇ, ಅಂಬೇಡ್ಕರ್ ನಾಗಪುರದಲ್ಲಿ ಬುದ್ಧನ ದಾರಿ ಹಿಡಿದ ವರ್ಷವೂ ಅದೇ. ಒಳಗೆ ಬೋಧಿ ಮರ ಇದೆ. ನಾನು ಪೂಜೆಗೆ ಅಂತ ಹೋಗಿರಲಿಲ್ಲ. ಎಲ್ಲಾದರೂ ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳದ ಜಾಗ ಬೇಕಾಗಿತ್ತು, ಅಷ್ಟೇ. ಅವತ್ತು ಒಬ್ಬ ಭಿಕ್ಕು, ಅಂದರೆ ಬೌದ್ಧ ಸನ್ಯಾಸಿ, ಬಾಣದ ಮಾತು ಹೇಳುತ್ತಿದ್ದರು.

ಬುದ್ಧನ ಉಪದೇಶಗಳ ಒಂದು ಸಂಗ್ರಹ ಸಂಯುತ್ತ ನಿಕಾಯ. ಅದರಲ್ಲಿ ಸಲ್ಲ ಸುತ್ತ ಅಂತ ಒಂದಿದೆ. ಸುತ್ತ ಅಂದರೆ ಸೂತ್ರ, ಒಂದು ಉಪದೇಶ. ಸಲ್ಲ ಅಂದರೆ ಶಲ್ಯ, ಬಾಣ. ಬುದ್ಧ ಹೇಳುವುದು ಇಷ್ಟು. ಒಬ್ಬನಿಗೆ ಒಂದು ಬಾಣ ತಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಬಾಣ. ಮೊದಲನೆಯದು ಮೈಗೆ ಆಗುವ ನೋವು. ಎರಡನೆಯದು ಆ ನೋವಿಗಾಗಿ ಮನಸ್ಸು ಪಡುವ ಗೋಳು, ಎದೆ ಬಡಿದುಕೊಳ್ಳುವುದು. ತಿಳಿದವನಿಗೂ ಮೊದಲ ಬಾಣ ತಪ್ಪುವುದಿಲ್ಲ, ಆದರೆ ಅವನು ಎರಡನೆಯದನ್ನು ತಿನ್ನುವುದಿಲ್ಲ.

ನನಗೆ ಹಿಡಿಸಿದ್ದು ಇದರ ಪ್ರಾಮಾಣಿಕತೆ. ನೋವೇ ಆಗಲ್ಲ ಅಂತ ಬುದ್ಧ ಎಲ್ಲೂ ಹೇಳುವುದಿಲ್ಲ. ಅಪ್ಪನ ಕಾಯಿಲೆ ಇದೆ, ನನ್ನ ದಣಿವು ಇದೆ. ಅದು ಮೊದಲ ಬಾಣ. ರಾತ್ರಿಯಿಡೀ ಕೂತು ನನಗೆ ನಾನೇ ಹೊಡೆದುಕೊಂಡದ್ದು ಎರಡನೆಯದು.

ಸರಿ, ತಿಳಿಯಿತು. ಆದರೆ ಸಂಜೆ ಐದಕ್ಕೆ ಅದು ನೆನಪಿಗೆ ಬರಬೇಕಲ್ವಾ? ಅಲ್ಲಿಗೇ ಧ್ಯಾನ ಬೇಕಾಗುವುದು.

ಈ ಸುತ್ತಗಳು ಇರುವ ಪಾಳಿ ಭಾಷೆಯಲ್ಲಿ ವೇದನಾ ಅನ್ನುವ ಪದ ಇದೆ. ಕನ್ನಡದಲ್ಲಿ ವೇದನೆ ಅಂದರೆ ನೋವು ಮಾತ್ರ. ಪಾಳಿಯಲ್ಲಿ ಹಾಗಲ್ಲ. ಹಿತವಾದದ್ದು, ಅಹಿತವಾದದ್ದು, ಎರಡೂ ಅಲ್ಲದ್ದು, ಈ ಮೂರೂ ವೇದನೆಯೇ. ಏನೇ ತಾಗಿದರೂ ಮೊದಲು ಏಳುವುದು ಇದು. ಬೈಗುಳ, ಪ್ರೀತಿ, ದುಃಖ ಎಲ್ಲ ಆಮೇಲಿನದು. ನನ್ನ ಮಟ್ಟಿಗೆ ಹೇಳಬೇಕೆಂದರೆ, ಬಸ್ಸು ಬಂತಾ ಅನ್ನುವ ದನಿ ಕಿವಿಗೆ ಬಿದ್ದ ಕ್ಷಣ ಎದೆಯ ನಡುವೆ ಏನೋ ಹಿಂಡಿದ ಹಾಗಾಗುತ್ತದೆ. ಬಲಗಡೆ ದವಡೆ ಬಿಗಿಯುತ್ತದೆ. ಸಟ್ಟುಗ ಹಿಡಿದ ಬೆರಳು ಗಟ್ಟಿಯಾಗುತ್ತವೆ. ಕಿವಿ ಬಿಸಿ. ಆಮೇಲೆ ಮಾತು. ಐವತ್ತು ದಾಟಿದ ನನಗೆ ನನ್ನ ಸಿಟ್ಟಿನ ಈ ದಾರಿ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಸಿಟ್ಟು ನನಗೆ ಕಾಣುತ್ತಿದ್ದದ್ದು.

ಅಪ್ಪ ಹಿಂದೆ ಹೊಸ ಡ್ರೈವರುಗಳಿಗೆ ಒಂದು ಮಾತು ಹೇಳುತ್ತಿದ್ದರಂತೆ. "ಬ್ರೇಕ್ ಹಾಕೋದು ಕಾಲಲ್ಲಪ್ಪ, ಕಣ್ಣು." ದೂರದಲ್ಲಿ ಮಗು ಚೆಂಡಿನ ಹಿಂದೆ ಓಡಿದ್ದು ಕಣ್ಣಿಗೆ ಬಿದ್ದರೆ ಕಾಲು ತಾನಾಗಿ ಕೆಲಸ ಮಾಡುತ್ತದೆ. ಕಾಣದಿದ್ದರೆ ಎಷ್ಟು ಜೋರಾಗಿ ಒತ್ತಿದರೂ ತಡವೇ. ಬುದ್ಧನ ಮಾತುಗಳನ್ನು ಪದ್ಯದಲ್ಲಿ ಕೂಡಿಸಿರುವ ಧಮ್ಮಪದದಲ್ಲಿ ಸಿಟ್ಟಿನ ಬಗ್ಗೆಯೇ ಒಂದು ವಗ್ಗ, ಅಂದರೆ ಅಧ್ಯಾಯ, ಇದೆ. ಅದರಲ್ಲಿ ಬುದ್ಧ, ಏರಿ ಬರುವ ಕೋಪವನ್ನು ಓಡುವ ರಥವನ್ನು ತಡೆದಂತೆ ತಡೆಯುವವನೇ ಸಾರಥಿ, ಮಿಕ್ಕವರು ಬರೀ ಲಗಾಮು ಹಿಡಿದವರು ಅನ್ನುತ್ತಾನೆ. ಓದಿದಾಗ ನಮ್ಮಪ್ಪನೇ ಕಣ್ಣ ಮುಂದೆ ಬಂದರು.

ಬೇಗ ಕಾಣುವುದನ್ನು ಕಲಿಯಬೇಕು, ಅಷ್ಟೇ ವಿಷಯ. ಹೇಗೆ ಅಂದರೆ, ಏನೂ ಆಗದೆ ಇರುವ ಹೊತ್ತಿನಲ್ಲಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ನಾನು ಬೆಳಿಗ್ಗೆ ಅಪ್ಪ ಏಳುವ ಮುಂಚೆ 15 ನಿಮಿಷ ಕೂರುತ್ತೇನೆ. ಮಂಡಿ ನೋವಿರುವುದರಿಂದ ಕುರ್ಚಿಯಲ್ಲಿ. ಮೂಗಿನ ಹತ್ತಿರ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು. ಉಸಿರನ್ನು ತಿದ್ದುವ ಹಾಗಿಲ್ಲ. ಇದ್ದ ಹಾಗೆ ಗೊತ್ತಾಗಲಿ, ಸಾಕು. ಹತ್ತು ಉಸಿರಿಗೆ ಮನಸ್ಸು ಹಾಲಿನವನ ಲೆಕ್ಕಕ್ಕೆ ಹೋಗಿರುತ್ತದೆ. ಹೋಗಿದೆ ಅಂತ ಗೊತ್ತಾದದ್ದೇ ತಡ, ವಾಪಸ್ಸು ಉಸಿರಿಗೆ. ಬೈದುಕೊಳ್ಳದೆ. ಹೀಗೆ ವಾಪಸ್ಸು ಬರುವುದೇ ಅಭ್ಯಾಸ. ಮನಸ್ಸು ಖಾಲಿಯಾಗಬೇಕು ಅಂತ ಜಾಸ್ತಿ ಜನ ತಿಳಿದುಕೊಂಡು, ಆಗಲಿಲ್ಲ ಅಂತ ವಾರಕ್ಕೇ ಬಿಟ್ಟುಬಿಡುತ್ತಾರೆ. ನನಗೆ ಅದು ತುಂಬ ಬೇಜಾರಿನ ವಿಷಯ.

ಎಚ್ಚರದಿಂದ ನೋಡುವುದನ್ನು ಕಲಿಸುವ ಸತಿಪಟ್ಠಾನ ಸುತ್ತದಲ್ಲಿ ಮನಸ್ಸನ್ನು ನೋಡುವ ಬಗೆ ಹೇಳಿದ್ದಾರೆ. ದ್ವೇಷ ಇರುವ ಮನಸ್ಸನ್ನು ದ್ವೇಷ ಇರುವ ಮನಸ್ಸು ಅಂತ ತಿಳಿಯುತ್ತಾನೆ, ಇಲ್ಲದ್ದನ್ನು ಇಲ್ಲದ್ದು ಅಂತ ತಿಳಿಯುತ್ತಾನೆ. ಇಷ್ಟೇ. ಛೀ, ಹೀಗಿರಬಾರದಿತ್ತು ಅನ್ನುವ ಮಾತೇ ಅಲ್ಲಿಲ್ಲ. ಇದನ್ನು ಕೇಳಿದ ದಿನ ನನಗೆ ನಮ್ಮ ಕನ್ನಡ ನೆನಪಾಯಿತು. ನಾವು ಏನಂತೀವಿ? ನನಗೆ ಕೋಪ ಬಂತು. ಅಳು ಬಂತು. ಬೇಜಾರು ಬಂತು. ನಾನೇ ಕೋಪ ಅನ್ನುವುದಿಲ್ಲ. ಅದು ಎಲ್ಲಿಂದಲೋ ನನ್ನ ಹತ್ತಿರ ಬಂದದ್ದು. ನಿದ್ದೆ ಬಂದ ಹಾಗೆ, ಮಳೆ ಬಂದ ಹಾಗೆ. ದಿನಕ್ಕೆ ಹತ್ತು ಸಲ ಆಡುವ ಮಾತು, ಒಂದು ಸಲವೂ ಕಿವಿಗೊಟ್ಟು ಕೇಳಿರಲಿಲ್ಲ. ಈಗ ದವಡೆ ಬಿಗಿದಾಗ ಒಳಗೇ ಮೆಲ್ಲಗೆ ಹೇಳಿಕೊಳ್ಳುತ್ತೇನೆ, ಕೋಪ ಬಂತು. ಗ್ಯಾಸ್ ಸಣ್ಣ ಮಾಡುತ್ತೇನೆ. ಅಂಗಾಲು ನೆಲಕ್ಕೆ ತಾಗಿದೆಯಾ ನೋಡುತ್ತೇನೆ. ಮೂರು ಉಸಿರು. ಎದೆ ಹಿಂಡುವುದು ಇದ್ದೇ ಇರುತ್ತದೆ. ಆದರೆ ಅದನ್ನು ನೋಡುತ್ತಾ ಇದ್ದರೆ ಅದು ಒಂದೇ ಥರ ಇರುವುದಿಲ್ಲ. ಏರುತ್ತದೆ, ಸ್ವಲ್ಪ ಜರುಗುತ್ತದೆ, ಇಳಿಯುತ್ತದೆ.

ಇಳಿಯದ ದಿನವೂ ಇದೆ. ಅಂಥ ದಿನಕ್ಕೆ ಬುದ್ಧ ಇನ್ನೊಂದು ಸುತ್ತದಲ್ಲಿ ಐದು ಉಪಾಯ ಹೇಳಿದ್ದಾನೆ. ಎಲ್ಲದರಲ್ಲೂ ಸೋತರೆ ಕೊನೆಯದು, ಹಲ್ಲು ಕಚ್ಚಿ ಹಿಡಿ ಅನ್ನುವುದು. ಅದೂ ಒಂದು ಉಪಾಯವೇ ಅಂತ ಒಪ್ಪಿಕೊಂಡಿದ್ದಾನಲ್ಲ, ಅದಕ್ಕೇ ನನಗೆ ಆತನ ಮೇಲೆ ನಂಬಿಕೆ. ಅದರ ಹಿಂದಿನ ಉಪಾಯ ನನಗೆ ಅದಕ್ಕಿಂತ ಇಷ್ಟ. ಒಬ್ಬ ಜೋರಾಗಿ ನಡೆಯುತ್ತಿರುತ್ತಾನೆ. ಯಾಕೆ ಜೋರಾಗಿ ನಡೀತಿದ್ದೀನಿ, ನಿಧಾನ ನಡೆಯೋಣ ಅಂದುಕೊಳ್ಳುತ್ತಾನೆ. ಆಮೇಲೆ, ಯಾಕೆ ನಡೀಬೇಕು, ನಿಲ್ಲೋಣ. ಯಾಕೆ ನಿಲ್ಲಬೇಕು, ಕೂರೋಣ. ಹಾಗೆ ಒಂದೊಂದೇ ಮೆಟ್ಟಿಲು ಇಳಿದ ಹಾಗೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತ ಗಾಡಿಯೊಳಗೆ ಇದನ್ನು ಒಮ್ಮೆ ಮಾಡಿ ನೋಡಿ. ಗಾಡಿ ನಿಂತೇ ಇರುತ್ತದೆ. ಒಳಗೆ ಓಡುತ್ತಿರುವುದು ನಾವು ಮಾತ್ರ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದು ಅನ್ಯಾಯವನ್ನು ನುಂಗಿಕೊಂಡು ಕೂರುವ ವಿದ್ಯೆ ಅಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಧ್ಯಾನ ಮಾಡು ಅನ್ನುವುದು ತಪ್ಪು. ಅವಳಿಗೆ ಬೇಕಾದದ್ದು ಆ ಮನೆಯಿಂದ ಹೊರಗೆ ಬರುವ ದಾರಿ. ಹಾಗೆಯೇ, ತಿಂಗಳುಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಬದುಕು ಸಾಕು ಅನ್ನಿಸುತ್ತಿದ್ದರೆ ಉಸಿರು ನೋಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ನಮ್ಮೂರಲ್ಲೇ ಮನಸ್ಸಿನ ಕಾಯಿಲೆಗಳ ಆಸ್ಪತ್ರೆ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಮೊದಲ ಬಾಣಕ್ಕೆ ಔಷಧಿ ಇದ್ದರೆ ತಗೊಳ್ಳಬೇಕು. ಬೇಡ ಅಂತ ಬುದ್ಧ ಹೇಳಿಲ್ಲ.

ಕೂತು ಚೆನ್ನಾಗಿ ಕಲಿಯಬೇಕು ಅನ್ನುವವರಿಗೆ ಬೆಂಗಳೂರಿನಲ್ಲಿ ದಾರಿ ಇದೆ. ಬರ್ಮಾದಿಂದ 1969ರಲ್ಲಿ ಬಂದ ಧ್ಯಾನಗುರು ಗೋಯೆಂಕಾ ಅವರ ಪರಂಪರೆಯ ವಿಪಸ್ಸನಾ ಧ್ಯಾನದ ಕೇಂದ್ರ ತುಮಕೂರು ರಸ್ತೆಯ ಕಡೆ ಇದೆ. ಹತ್ತು ದಿನ ಮೌನ, ಫೋನಿಲ್ಲ, ಶುಲ್ಕವೂ ಇಲ್ಲ. ಅಪ್ಪನನ್ನು ಬಿಟ್ಟು ಹತ್ತು ದಿನ ಹೋಗುವುದು ನನಗೆ ಇನ್ನೂ ಆಗಿಲ್ಲ. ಹಾಗಾಗಿ ನನ್ನದು ಕುರ್ಚಿಯ 15 ನಿಮಿಷ, ಅಡುಗೆಮನೆಯ ಮೂರು ಉಸಿರು.

ಮತ್ತೆ ಮಲಗುವ ಮುಂಚೆ ಮೆತ್ತಾ. ಮೆತ್ತಾ ಅಂದರೆ ಮೈತ್ರಿ. ಮೊದಲು ನನಗೆ: ನಾನು ಚೆನ್ನಾಗಿರಲಿ, ನನಗೆ ದ್ವೇಷ ಇಲ್ಲದಿರಲಿ. ಶುರುವಿನಲ್ಲಿ ಈ ಮಾತು ಗಂಟಲಲ್ಲೇ ನಿಂತುಬಿಡುತ್ತಿತ್ತು. ಅಪ್ಪನ ಮೇಲೆ ಕಿರುಚಿದವಳು ಚೆನ್ನಾಗಿರಲಿ ಅಂತ ಹೇಗೆ ಹೇಳಲಿ? ಆ ಭಿಕ್ಕು ಹೇಳಿದರು, ಬೇರೆ ಯಾರಾದರೂ ಮಗಳು ಅಷ್ಟು ದಣಿದಿದ್ದರೆ ಅವಳಿಗೆ ನೀವು ಏನು ಹೇಳುತ್ತಿದ್ದಿರಿ, ಅದನ್ನೇ ಹೇಳಿಕೊಳ್ಳಿ ಅಂತ. ನಾನು ಅತ್ತುಬಿಟ್ಟೆ. ಅಂದಿನಿಂದ ಆ ಮಾತು ಗಂಟಲು ದಾಟಿತು. ಆಮೇಲೆ ಅಪ್ಪನಿಗೆ, ಆಮೇಲೆ ತಮ್ಮನಿಗೆ. ತಮ್ಮನ ಸರದಿ ಬಂದಾಗ ದವಡೆ ಈಗಲೂ ಸ್ವಲ್ಪ ಬಿಗಿಯುತ್ತದೆ. ಬಿಗಿಯಿತು ಅಂತ ನೋಡಿ, ಮತ್ತೆ ಹೇಳುತ್ತೇನೆ.

ಮೊನ್ನೆ ಸಂಜೆ ಅನ್ನಕ್ಕೆ ನೀರಿಡುತ್ತಿದ್ದೆ. ಅಪ್ಪ ಬಾಗಿಲಿಗೆ ಬಂದರು. "ಬಸ್ಸು ಬಂತಾ?" ಎದೆ ಹಿಂಡಿತು. ಕೋಪ ಬಂತು. ಒಲೆ ಆರಿಸಿದೆ. ಮೂರು ಉಸಿರಾಗುವ ಹೊತ್ತಿಗೆ ಅವರ ಮುಖ ನೋಡಿದೆ. ಹೆದರಿಕೊಂಡಿದ್ದರು. ಡ್ಯೂಟಿಗೆ ತಡವಾಗುತ್ತಿದೆ ಅನ್ನುವ ಹೆದರಿಕೆ. ಇಷ್ಟು ದಿನ ಅದು ನನಗೆ ಕಂಡೇ ಇರಲಿಲ್ಲ. "ಬನ್ನಿ ಅಪ್ಪಾ, ನೋಡೋಣ" ಅಂದೆ. ಚಪ್ಪಲಿ ಹಾಕಿಸಿದೆ. ಇಬ್ಬರೂ ಗೇಟಿನ ತನಕ ಹೋಗಿ, ಬೀದಿ ದೀಪ ಹತ್ತಿಕೊಳ್ಳುವವರೆಗೆ ಅಲ್ಲೇ ನಿಂತಿದ್ದೆವು. ಅವರು ನನ್ನ ಕೈ ಹಿಡಿದುಕೊಂಡಿದ್ದರು.

ನಮಸ್ಕಾರ.